ಹಿಂಗಾಲಿನ ಐದನೆಯ ಉಗುರು

ಫೆಬ್ರವರಿ ೩, ಸೋಮವಾರ

‘ಏಳು ತೋಳ ನಡೆದ ದಾರಿಯಲ್ಲಿ ಒಂದೇ ತೋಳದ ಹೆಜ್ಜೆ.’

ಎಂ.ಎ. ಓದುವಾಗ ಎಲ್ಲೋ ಕಂಡ ಸಾಲು. ಯಾರದ್ದು, ಯಾವ ಪುಸ್ತಕದ್ದು ಎಂದು ಮರೆತಿದ್ದೇನೆ. ‘ಏಳು’ ಎಂದಿತ್ತೋ ‘ಒಂಬತ್ತು’ ಎಂದಿತ್ತೋ, ಅದೂ ಖಚಿತವಿಲ್ಲ. ಇದರ ಕೆಳಗೆ ಇನ್ನೊಂದು ಸಾಲಿತ್ತು ಎಂಬುದು ಮಾತ್ರ ನೆನಪಿದೆ, ಆ ಸಾಲು ನೆನಪಿಲ್ಲ. ಮುಂದಿನ ತೋಳದ ಹೆಜ್ಜೆಯಲ್ಲೇ ಹಿಂದಿನದು ಕಾಲಿಡುತ್ತ ಹೋಗುತ್ತದಂತೆ. ಹಿಂಡು ದಾಟಿಹೋದ ಮೇಲೆ ಮರಳಿನಲ್ಲಿ ಉಳಿಯುವುದು ಒಂದೇ ಸಾಲು ಗುರುತು. ಇಷ್ಟು ವರ್ಷ ಇದನ್ನು ಒಗ್ಗಟ್ಟಿನ ಹೊಗಳಿಕೆ ಎಂದೇ ತಿಳಿದಿದ್ದೆ. ಇವತ್ತು ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಿದ್ದಾಗ ಅನುಮಾನ ಬಂತು. ಹೊಗಳಿಕೆಯೇ ಹೌದಾ? ಉಳಿದ ಆರು ತೋಳಗಳನ್ನು ಯಾರಾದರೂ ಕೇಳಿದ್ದಾರಾ?

ಅದೇನೇ ಇರಲಿ, ದೊಡ್ಡ ಚಿತ್ರ ಹುಟ್ಟಿದ್ದು ಆ ಸಾಲಿನಿಂದ. ವನ್ಯಜೀವಿ ವಸ್ತುಸಂಗ್ರಹಾಲಯದ ಹೊಸ ಕೋಣೆಗೆ ಅಣ್ಣನಿಂದ ನಾಲ್ಕು ಚಿತ್ರ ಕೇಳಿದ್ದಾರೆ. ನರಿ, ಗುಳ್ಳೆನರಿ, ಸೀಳುನಾಯಿ ಮುಗಿದು ಗೋಡೆಗೊರಗಿ ನಿಂತಿವೆ. ಉಳಿದದ್ದು ಎಂಟಡಿ ಅಗಲದ ತೋಳದ ಚಿತ್ರ. ಏಳು ತೋಳ ಒಂದರ ಹಿಂದೊಂದು ಹೊಳೆದಂಡೆಯ ಒದ್ದೆ ಮರಳಿನ ಮೇಲೆ ನಡೆಯುವಂತೆ ಬರೆಯೋಣ ಎಂದು ನಾನು ಹೇಳಿದಾಗ ಅಣ್ಣ ಮುಖ ಸಣ್ಣಗೆ ಮಾಡಿದ್ದ. “ಕಾಲು ಕಾಣುತ್ತಲ್ಲೇ ಪುಟ್ಟಿ!” ಮೂವತ್ತು ವರ್ಷದಿಂದ ಅವನ ತೋಳಗಳೆಲ್ಲ ಮೊಣಕಾಲುದ್ದ ಹುಲ್ಲಿನಲ್ಲೇ ನಿಂತಿವೆ. ಅದು ಅವನ ಶೈಲಿ ಎಂದು ಬರೆದ ವಿಮರ್ಶಕರೂ ಇದ್ದಾರೆ. ಅವನಿಗೆ ಪಾದ ಬರೆಯಲು ಬರುವುದಿಲ್ಲ ಎಂಬುದು ಮನೆಯವರಿಗೆ ಮಾತ್ರ ಗೊತ್ತು.

ಅವನ ಬಲಗೈ ನಡುಗತೊಡಗಿ ನಾಲ್ಕು ವರ್ಷವಾಯಿತು. ಮೊದಲು ನಾನು ಹುಲ್ಲು ತುಂಬಿಸಿಕೊಡುತ್ತಿದ್ದೆ, ಆಮೇಲೆ ಆಕಾಶ, ಆಮೇಲೆ ರೋಮ. ಈಗ ಕಣ್ಣೊಂದನ್ನು ಬಿಟ್ಟು ಎಲ್ಲ ನನ್ನ ಕೈಯದೇ. ಕಾಲೇಜಿನ ಲೈಬ್ರರಿಯ ಕೆಲಸ ಮುಗಿಸಿ ಎರಡು ಗಂಟೆಗೆ ಹೊರಟರೆ ಐದೂವರೆಯವರೆಗೆ ಅವನ ಸ್ಟುಡಿಯೋದಲ್ಲಿ. ಈ ಮಾತು ಹೊರಗೆ ಯಾರಿಗೂ ಗೊತ್ತಿಲ್ಲ. ಆದರೆ ಈ ಸಲ ಅವನೇ ನಿನ್ನೆ ಹೇಳಿದ್ದಾನೆ, ಅತ್ತಿಗೆಯ ಎದುರಿಗೇ: “ಸಂಗ್ರಹಾಲಯದ್ದಕ್ಕೆ ಇಬ್ಬರ ಹೆಸರೂ ಹೋಗುತ್ತೆ. ಇನ್ನು ಮುಚ್ಚಿಟ್ಟಿದ್ದು ಸಾಕು.” ನಾನು ಬ್ರಷ್ ತೊಳೆಯುತ್ತ ನಿಂತವಳು ಹಿಂದಿರುಗಿ ನೋಡಲಿಲ್ಲ. ನೋಡಿದರೆ ಕಣ್ಣು ತುಂಬಿದ್ದು ಕಾಣುತ್ತಿತ್ತು.

ಫೆಬ್ರವರಿ ೫, ಬುಧವಾರ

ಕಾಲು, ಕಾಲು, ಕಾಲು. ಏಳು ತೋಳಕ್ಕೆ ಇಪ್ಪತ್ತೆಂಟು.

ಅಣ್ಣನ ಪೆಟ್ಟಿಗೆಯಲ್ಲಿರುವ ನೂರಾರು ಫೋಟೋಗಳಲ್ಲಿ ಪಾದ ಸ್ಪಷ್ಟವಾಗಿ ಕಾಣುವಂಥದ್ದು ಒಂದೂ ಇಲ್ಲ. ಅವನು ತೆಗೆದದ್ದೂ ಹುಲ್ಲಿನಲ್ಲೇ. ಕೊನೆಗೆ ನಮ್ಮ ಮಹಡಿಯಲ್ಲೇ ಎದುರುಮನೆಯ ಟೈಲರಮ್ಮನ ಬಾಗಿಲು ತಟ್ಟಿದೆ. ಅವರ ನಾಯಿ ಸಾಹುಕಾರ ಬೂದು ಬಣ್ಣದ, ಉದ್ದ ಕಾಲಿನ, ಯಾರಿಗೂ ಎದ್ದು ನಿಲ್ಲದ ಪ್ರಾಣಿ. ಆ ಹೆಸರು ಬಂದದ್ದೂ ಅದಕ್ಕೇ.

“ನಿಮ್ಮ ನಾಯಿಯ ಕಾಲು ಸ್ವಲ್ಪ ಬೇಕಿತ್ತು” ಎಂದೆ.

“ಕಾಲು ಮಾತ್ರ ಸಾಕೇನ್ರೀ ಲೈಬ್ರರಿಯವ್ರೇ? ಪೂರ್ತಿ ತಗೊಂಡು ಹೋಗಿ, ಹೊಟ್ಟೆಗೂ ನೀವೇ ಹಾಕಿ.”

ಹೊಲಿಗೆ ಮಿಷನ್ನಿನ ಪಕ್ಕ ಬಟ್ಟೆಯ ತುಂಡುಗಳ ಮೇಲೆ ಅದು ಮಲಗಿತ್ತು. ನೆಲದ ಮೇಲೆ ಕೂತು ಒಂದು ಗಂಟೆ ಬರೆದೆ. ಹಿಂಗಾಲಿನ ಒಳಮೈಯಲ್ಲಿ, ಪಾದಕ್ಕಿಂತ ನಾಲ್ಕು ಬೆರಳು ಮೇಲೆ, ಒಂದು ಹೆಚ್ಚಿನ ಉಗುರು ನೇತಾಡುತ್ತದೆ. ನೆಲಕ್ಕೆ ತಾಗದ, ಯಾವ ಕೆಲಸಕ್ಕೂ ಬಾರದ ಐದನೆಯ ಉಗುರು. ಎಡಗಾಲಿನದರ ತುದಿ ಮುರಿದಿದೆ. “ರೇಷ್ಮೆ ಬಟ್ಟೆಗೆ ಸಿಕ್ಕಿಕೊಂಡು ಮುರಿದದ್ದು. ಗಿರಾಕಿಗೆ ಹೊಸ ಬಟ್ಟೆ ಕೊಡಿಸ್ಬೇಕಾಯ್ತು. ಇವನ ಮೈಯಲ್ಲಿ ಒಂದೇ ಒಂದು ದುಬಾರಿ ಜಾಗ ಅಂದ್ರೆ ಅದು” ಎಂದು ಟೈಲರಮ್ಮ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ನಕ್ಕರು.

ಇದೆಲ್ಲ ಯಾತಕ್ಕೆ ಎಂದು ಕೇಳಿದರು. “ಅಣ್ಣ ತೋಳದ ಚಿತ್ರ ಬರೀತಿದ್ದಾರೆ. ಅವರಿಗೆ ತೋರಿಸೋಕೆ” ಎಂದೆ. ಬಾಯಿ ತಪ್ಪಿ ಬಂದದ್ದಲ್ಲ, ರೂಢಿ.

ಫೆಬ್ರವರಿ ೯, ಭಾನುವಾರ

ಬೆಳಿಗ್ಗೆಯಿಂದ ಸ್ಟುಡಿಯೋದಲ್ಲಿ. ಭುಜ ಬಿದ್ದುಹೋಗುವಂತಿದೆ, ಆದರೂ ಸಂತೋಷ.

ರೋಮ ಬರೆಯುವುದು ತಾಳ್ಮೆಯ ಕೆಲಸ ಎನ್ನುತ್ತಾರೆ. ತಾಳ್ಮೆಗಿಂತ ಹೆಚ್ಚಾಗಿ ದಿಕ್ಕಿನ ಕೆಲಸ. ಮೂಗಿನ ತುದಿಯಿಂದ ಹೊರಟ ಕೂದಲು ಹಣೆಯ ಮೇಲೆ ಹರಿದು, ಕುತ್ತಿಗೆಯಲ್ಲಿ ಉಬ್ಬಿ, ಎದೆಯ ಹತ್ತಿರ ಸುಳಿ ತಿರುಗಿ, ಬಾಲದವರೆಗೂ ಹೋಗಬೇಕು. ಮೊದಲು ಕಪ್ಪು, ಅದರ ಮೇಲೆ ಕಂದು, ಅದರ ಮೇಲೆ ಬೂದು, ಕೊನೆಗೆ ಬೆಳಕು. ಒಂದು ಕಡೆ ದಿಕ್ಕು ತಪ್ಪಿದರೂ ತೋಳ ಹೋಗಿ ಕಾಲೊರಸು ಆಗುತ್ತದೆ.

ಇವತ್ತು ಕಾಲುಗಳೂ ಮುಗಿದವು. ಅಣ್ಣ ದೂರದಿಂದ ಕಣ್ಣು ಕಿರಿದು ಮಾಡಿ ನೋಡಿ, “ಪರವಾಗಿಲ್ವೇ, ನೆಲಕ್ಕೆ ಭಾರ ಬಿಟ್ಟಿವೆ” ಎಂದ. ಅವನ ಬಾಯಲ್ಲಿ ಅದು ಬಂಗಾರದ ಮಾತು.

ಹನ್ನೊಂದು ಗಂಟೆಗೆ ಅವನು ಕಣ್ಣು ಬರೆದ. ಮಾತ್ರೆ ನುಂಗಿ ಒಂದು ಗಂಟೆಯಾದ ಮೇಲೆ ಕೈ ಸ್ವಲ್ಪ ಹೊತ್ತು ಹಿಡಿತಕ್ಕೆ ಬರುತ್ತದೆ. ಬಲಗೈ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದು, ಕ್ಯಾನ್ವಾಸಿಗೆ ಅಡ್ಡ ಒರಗಿಸಿದ ಕೋಲಿನ ಮೇಲೆ ಊರಿ, ಉಸಿರು ಬಿಗಿಹಿಡಿದು ಒಂದು ಚುಕ್ಕೆ. ಅತ್ತಿಗೆ ಬಾಗಿಲಲ್ಲಿ ಚಹಾ ಹಿಡಿದು ನಿಂತವರು ಒಳಗೆ ಬರಲಿಲ್ಲ. ನಾಲ್ಕು ತೋಳಗಳಿಗೆ ಕಣ್ಣು ಬಂತು. ಐದನೆಯದಕ್ಕೆ ಹೋಗುವಷ್ಟರಲ್ಲಿ ಕೈ ಬಿಟ್ಟಿತು. ಕುರ್ಚಿಯಲ್ಲಿ ಕೂತು, “ನಾಳೆ” ಎಂದ.

ಕಣ್ಣು ನನ್ನ ಕೈಗೆ ಬರುವಂಥದ್ದಲ್ಲ. ಒಮ್ಮೆ ಪ್ರಯತ್ನಿಸಿದ್ದೆ. “ಗೋಲಿಗುಂಡು ಇಟ್ಟಿದ್ದೀಯ” ಎಂದು ಅಣ್ಣ ನಕ್ಕಿದ್ದ. ಸರಿಯಾಗಿಯೇ ಹೇಳಿದ್ದ.

ಫೆಬ್ರವರಿ ೧೬, ಭಾನುವಾರ

ಮುಗಿಯಿತು. ಅಣ್ಣ ಬಲಗಡೆಯ ಕೆಳಮೂಲೆಯಲ್ಲಿ ತನ್ನ ಸಹಿ ಹಾಕಿದ. ಎರಡು ನಿಮಿಷ ಹಿಡಿಯಿತು. ಬ್ರಷ್ಷನ್ನು ನನ್ನ ಕಡೆ ಚಾಚಿದ. ನನ್ನ ಸಹಿಗೆ ಎಂದುಕೊಂಡು ಕೈ ಮುಂದೆ ಮಾಡಿದೆ. ತೊಳೆಯಲು ಕೊಟ್ಟದ್ದು.

ನನ್ನ ಮುಖ ನೋಡಿರಬೇಕು. “ಕ್ಯಾನ್ವಾಸ್ ಮೇಲೆ ಎರಡು ಸಹಿ ಕಣ್ಣಿಗೆ ಹೊಡೆಯುತ್ತೆ ಪುಟ್ಟಿ. ಕೆಳಗೆ ಫಲಕ ಇರುತ್ತಲ್ಲ, ಅಲ್ಲಿ ಇಬ್ಬರದ್ದೂ” ಎಂದ.

ನಿಜವೇ. ಫಲಕವನ್ನಾದರೆ ಎಲ್ಲರೂ ಓದುತ್ತಾರೆ.

ಫೆಬ್ರವರಿ ೨೦, ಗುರುವಾರ

ಆಹ್ವಾನ ಪತ್ರಿಕೆ ಲೈಬ್ರರಿಗೇ ಬಂತು. ನಾನೇ ಅದನ್ನು ಸೂಚನಾ ಫಲಕಕ್ಕೆ ಚುಚ್ಚಬೇಕಿತ್ತು. ಬೂದು ಬಣ್ಣದ ದಪ್ಪ ಕಾಗದ, ಮೇಲೆ ನಮ್ಮ ಮೂರನೆಯ ತೋಳದ ತಲೆ. ಆ ಕಿವಿಯ ಒಳಗಿನ ಬಿಳಿ ಕೂದಲಿಗೆ ನಾನು ಒಂದು ಇಡೀ ಮಧ್ಯಾಹ್ನ ಕಳೆದಿದ್ದೆ. ಕೆಳಗೆ ಅಣ್ಣನ ಹೆಸರು. ಅದರ ಕೆಳಗೆ ದಿನಾಂಕ, ಸಮಯ, ಸ್ಥಳ.

ತಿರುಗಿಸಿ ನೋಡಿದೆ. ಹಿಂಬದಿ ಖಾಲಿ.

ಚುಚ್ಚಿದೆ. ನಾಲ್ಕು ಮೂಲೆಗೂ ಪಿನ್ನು ಹಾಕಿದೆ.

ಫೆಬ್ರವರಿ ೨೧, ಶುಕ್ರವಾರ

“ಅಯ್ಯೋ, ಪ್ರೆಸ್ಸಿನವರದ್ದು” ಎಂದ ಅಣ್ಣ. “ನಾನು ಇಬ್ಬರ ಹೆಸರೂ ಬರೆದೇ ಕಳಿಸಿದ್ದೆ. ಅವರು ಜಾಗ ಸಾಲದು ಅಂತ ಬಿಟ್ಟಿರ್ತಾರೆ. ಫಲಕದಲ್ಲಿ ಸರಿ ಇರುತ್ತೆ ಬಿಡು.”

ಆ ಕಾಗದದಲ್ಲಿ ಅಂಗೈಯಗಲ ಖಾಲಿ ಜಾಗವಿತ್ತು. ಹೇಳಲಿಲ್ಲ. ಪ್ರೆಸ್ಸಿನವರಿಗೆ ಖಾಲಿ ಜಾಗದ ಮೇಲೆ ಪ್ರೀತಿ ಇರಬಹುದು. ಯಾಕೆ ಅನುಮಾನಪಡಬೇಕು? ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಓದಿಸಿದವನು ಅವನು. ಮೊದಲ ಬಣ್ಣದ ಡಬ್ಬಿ ತಂದುಕೊಟ್ಟವನೂ ಅವನೇ.

ಫೆಬ್ರವರಿ ೨೪, ಸೋಮವಾರ

ಸಂಗ್ರಹಾಲಯದ ನಿರ್ದೇಶಕಿ ಲೈಬ್ರರಿಗೆ ಬಂದಿದ್ದರು. ಕಾಡುಪ್ರಾಣಿಗಳ ಮೇಲಿನ ಹಳೆಯ ಪುಸ್ತಕಗಳನ್ನು ಹೊಸ ಕೋಣೆಯಲ್ಲಿ ಗಾಜಿನ ಕೆಳಗೆ ಇಡಬೇಕಂತೆ. ಒಳ್ಳೆಯ ಹೆಂಗಸು, ನೇರ ಮಾತು. ನಾನು ಕಲಾವಿದರ ತಂಗಿ ಎಂದು ತಿಳಿದದ್ದೇ ಮುಖ ಅರಳಿತು.

“ಓ, ನೀವೇನಾ? ನಿಮ್ಮಣ್ಣ ಹೇಳ್ತಿದ್ರು, ತಂಗಿ ಬಂದು ಬಣ್ಣ ಕಲಸಿಕೊಡ್ತಾಳೆ, ಬ್ರಷ್ ತೊಳೆದು ಇಡ್ತಾಳೆ ಅಂತ. ಎಷ್ಟು ಪುಣ್ಯವಂತರು ಅವರು!”

ನಾನು ನಗುತ್ತಲೇ ಕೇಳಿದೆ, ಫಲಕಕ್ಕೆ ಏನು ಬರೆಸಿದ್ದೀರಿ ಎಂದು. ಅವರು ಚೀಲದಿಂದ ಹಾಳೆ ತೆಗೆದು ತೋರಿಸಿದರು. ಅಣ್ಣನದೇ ಅಕ್ಷರ. ನಡುಗುವ ಕೈಯ, ಒಂದೊಂದನ್ನೂ ಎಳೆದು ಎಳೆದು ಬರೆದ ಅಕ್ಷರ. ಎಲ್ಲಿದ್ದರೂ ಗುರುತು ಹಿಡಿಯುತ್ತೇನೆ. ಒಂದೇ ಹೆಸರು. ಮೇಲಿನ ದಿನಾಂಕ ಜನವರಿ ೨೮.

ನನಗೆ ಮಾತು ಕೊಟ್ಟದ್ದು ಫೆಬ್ರವರಿ ಎರಡರಂದು. ಅಂದರೆ ಅಷ್ಟರಲ್ಲಾಗಲೇ ಈ ಹಾಳೆ ಹೋಗಿತ್ತು. ಹೋದ ಮೇಲೂ ಮಾತು ಕೊಟ್ಟ. ತೋಳ ಇನ್ನೂ ಮುಗಿದಿರಲಿಲ್ಲವಲ್ಲ.

ನಿರ್ದೇಶಕಿ ಆರು ಪುಸ್ತಕ ತೆಗೆದುಕೊಂಡರು. ಆರಕ್ಕೂ ಮುದ್ರೆ ಒತ್ತಿ, ಸಹಿ ಮಾಡಿ ಕೊಟ್ಟೆ. ನನ್ನ ಸಹಿ ಬೇಕಾದದ್ದು ಅಲ್ಲಿ ಮಾತ್ರ.

ಫೆಬ್ರವರಿ ೨೫, ಮಂಗಳವಾರ

ಎರಡು ಗಂಟೆಗೆ ಬಸ್ ಸ್ಟಾಪಿಗೆ ಹೋದೆ. ಬಸ್ಸು ಬಂತು. ಹತ್ತಲಿಲ್ಲ.

ಫೆಬ್ರವರಿ ೨೭, ಗುರುವಾರ

ಅತ್ತಿಗೆ ಫೋನ್ ಮಾಡಿದರು. ಮೂರು ದಿನದಿಂದ ಬಂದಿಲ್ಲವಲ್ಲ, ಜ್ವರವೇ ಎಂದು ಕೇಳಿದರು. ನಾನು ಹಾಳೆಯ ಮಾತು ಹೇಳಿದೆ. ಆ ಕಡೆ ಕುಕ್ಕರು ಕೂಗಿದ್ದು ಕೇಳಿಸಿತು.

“ಗೊತ್ತಿತ್ತಾ ನಿಮಗೆ?”

“ಗೊತ್ತಿತ್ತು ಕಣೇ” ಎಂದರು. “ಏನ್ಮಾಡ್ಲಿ ಹೇಳು. ಕೈ ನಡುಗುತ್ತೆ ಅಂತ ಹೊರಗೆ ಗೊತ್ತಾದ ದಿನ ಅವರು ಮುಗಿದೇ ಹೋದ್ರು. ಊಟದ ತಟ್ಟೆ ಎದುರಿಗೆ ಕೂತಾಗ್ಲೂ ಕೈನ ಮೇಜಿನ ಕೆಳಗೆ ಇಟ್ಕೊಳ್ತಾರೆ, ನನ್ನ ಹತ್ರಾನೇ. ನಿನಗೇನು, ಕೆಲಸ ಇದೆ, ಓದು ಇದೆ. ಅವರಿಗೆ ಇದೊಂದೇ.”

ನನಗೇನು. ಹೌದು, ನನಗೇನು ಬೇಕು? ಕರುಣೆಯಿಂದ ಕೊಟ್ಟ ಮಾತಾಗಿದ್ದರೆ, ಉಳಿಸಿಕೊಳ್ಳಲಾಗಲಿಲ್ಲ ಎಂದಿದ್ದರೆ, ನಾನೇ ಬೇಡ ಎನ್ನುತ್ತಿದ್ದೆನೇನೋ. ಕೇಳಿದ್ದರೆ ಕೊಡುತ್ತಿದ್ದೆ. ಕೇಳದೆ ತೆಗೆದುಕೊಂಡು, ಕೊಡುತ್ತೇನೆಂದು ನಂಬಿಸಿ ಕೆಲಸ ಮಾಡಿಸಿಕೊಂಡರಲ್ಲ, ಅದು ಗಂಟಲಲ್ಲಿ ಇಳಿಯುತ್ತಿಲ್ಲ. ಅದೂ ಇಬ್ಬರೂ ಸೇರಿ. ಮಾತು ಕೊಟ್ಟಾಗ ಅತ್ತಿಗೆ ಅಲ್ಲೇ ನಿಂತಿದ್ದರು, ‘ಹೂಂ’ ಬೇರೆ ಅಂದರು.

ಸಂಜೆ ಸುಮ್ಮನೆ ಕೂರಲಾಗದೆ ಟೈಲರಮ್ಮನ ಮನೆಗೆ ಹೋಗಿ ಸಾಹುಕಾರನನ್ನು ಬರೆದೆ. ಕಾಲಲ್ಲ, ಈ ಸಲ ಬೆನ್ನು. ಮಲಗಿದ ನಾಯಿಯ ಬೆನ್ನು ನೋಡಿದರೆ ಯಾರ ಮೇಲೂ ಸಿಟ್ಟು ಬರುವುದಿಲ್ಲ ಎಂದುಕೊಂಡಿದ್ದೆ. ಬಂತು.

ಮಾರ್ಚ್ ೧, ಶನಿವಾರ

ಹೋಗಬಾರದು ಎಂದುಕೊಂಡೇ ಸೀರೆ ಉಟ್ಟೆ, ಹೋಗಬಾರದು ಎಂದುಕೊಂಡೇ ಬಸ್ಸು ಹತ್ತಿದೆ.

ಕೋಣೆ ತುಂಬ ಜನ. ತೋಳಗಳ ಮೇಲೆ ಒಳ್ಳೆಯ ಬೆಳಕು ಬಿಟ್ಟಿದ್ದಾರೆ. ನಾನು ಅವುಗಳನ್ನು ಅಷ್ಟು ದೂರದಿಂದ ಎಂದೂ ನೋಡಿರಲಿಲ್ಲ. ಸ್ಟುಡಿಯೋದಲ್ಲಿ ಅಷ್ಟು ಹಿಂದೆ ಸರಿಯಲು ಜಾಗವಿಲ್ಲ. ನಡೆಯುತ್ತಿದ್ದವು. ನಿಜವಾಗಿಯೂ ನಡೆಯುತ್ತಿದ್ದವು. ಒಂದು ಕ್ಷಣ ಎಲ್ಲ ಮರೆತೆ.

ಅಣ್ಣ ಹೊಸ ಕೋಟಿನಲ್ಲಿದ್ದ. ಬಲಗೈ ಜೇಬಿನಲ್ಲಿ. ಪತ್ರಿಕೆಯವಳೊಬ್ಬಳು, “ಇಷ್ಟು ರೋಮ, ಒಂದೊಂದಾಗಿ! ಸಹಾಯಕರು ಇಲ್ವಾ ಸರ್?” ಎಂದು ಕೇಳಿದಳು. “ತೋಳದ ಮೈಯನ್ನ ಇನ್ನೊಬ್ಬರ ಕೈಗೆ ಕೊಡೋಕಾಗಲ್ಲಮ್ಮ” ಎಂದ. ನಾನು ಅವನಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ಅವನಿಗೆ ನಾನು ಕಾಣಿಸುತ್ತಿದ್ದೆ.

ಆಮೇಲೆ ತೋಳದ ಮೇಷ್ಟ್ರು ಬಂದರು. ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಕಲಿಸಿದವರು, ತೋಳಗಳ ಹಿಂದೆಯೇ ತಿರುಗಿ ಕಾಲು ಸವೆಸಿದ ಮುದುಕರು. ಚಿತ್ರಕ್ಕೆ ಮೂಗು ತಾಗುವಷ್ಟು ಬಗ್ಗಿ, ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ, ಮತ್ತೆ ವಾಪಸ್ಸು ಬಂದರು.

“ಬಾಳ ಚೆನ್ನಾಗಿದೆ. ಆದರೆ ಈ ಹಿಂಗಾಲಿನ ಒಳಗಡೆ ಇದೇನು? ಉಗುರು?” ಎಂದರು. “ಇದು ಕೆಲವು ಸಾಕುನಾಯಿಗಳಿಗೆ ಬರುತ್ತೆ ಸ್ವಾಮಿ. ತೋಳಕ್ಕೆ ಮುಂಗಾಲಲ್ಲಿ ಮಾತ್ರ. ಹಿಂಗಾಲಿಗೆ ನಾಲ್ಕೇ. ನೀವು ಐದು ತೋಳಕ್ಕೆ ಇಟ್ಟುಬಿಟ್ಟಿದ್ದೀರಿ!”

ಸಾಹುಕಾರ. ಸಾಹುಕಾರನ ಉಗುರು. ಒಂದು ದಿನವಾದರೂ ಹೊಳೆಯಲಿಲ್ಲವಲ್ಲ.

ಅಣ್ಣ ಬಗ್ಗಿ ನೋಡಿದ. ಆ ಕಾಲುಗಳನ್ನು ಅವನು ಹತ್ತಿರದಿಂದ ನೋಡಿದ್ದು ಅದೇ ಮೊದಲು, ನನಗೆ ಗೊತ್ತು. ತಲೆಯೆತ್ತಿ ನೇರ ನನ್ನ ಕಡೆ ನೋಡಿದ. ಆಗ ನನಗೆ ಎಂಥ ಹುಚ್ಚು ಆಸೆ ಹುಟ್ಟಿತೆಂದರೆ, ಈಗ ಹೇಳುತ್ತಾನೆ ಎಂದುಕೊಂಡೆ. ‘ಕಾಲು ನನ್ನದಲ್ಲ, ನನ್ನ ತಂಗಿ ಬರೆದದ್ದು’ ಎಂದು. ಬೈದುಕೊಂಡೇ ಹೇಳಲಿ, ಪರವಾಗಿಲ್ಲ. ತಪ್ಪಿನ ಜೊತೆಗಾದರೂ ಹೆಸರು ಹೊರಗೆ ಬರುತ್ತದೆ.

“ನನ್ನ ತಪ್ಪೇ ಮೇಷ್ಟ್ರೇ” ಎಂದ ಅಣ್ಣ. “ಮೂವತ್ತು ವರ್ಷ ಹುಲ್ಲಲ್ಲಿ ಕಾಲು ಬಚ್ಚಿಟ್ಟೆ. ಒಂದು ಸಲ ಬಿಚ್ಚಿ ತೋರಿಸಿದೆ, ಸಿಕ್ಕಿಬಿದ್ದೆ.”

ಎಲ್ಲರೂ ನಕ್ಕರು. ಯಾರೋ ಚಪ್ಪಾಳೆ ತಟ್ಟಿದರು. ಎಂಥ ದೊಡ್ಡ ಮನುಷ್ಯ, ಎಷ್ಟು ವಿನಯ ಎಂದರು. ಮೇಷ್ಟ್ರು ಅವನ ಭುಜ ತಟ್ಟಿದರು.

ನಾನು ಮೆಟ್ಟಿಲಿಳಿದು ಬಂದೆ.

ಮಾರ್ಚ್ ೨, ಭಾನುವಾರ

ಯಾರಿಗಾದರೂ ಹೇಳಿದರೆ, ಅಣ್ಣ ನಿನ್ನನ್ನು ಕಾಪಾಡಿದನಲ್ಲ ಎಂದಾರು. ಇರಬಹುದು. ಅವನೂ ಹಾಗೆಯೇ ನಂಬಿರಬಹುದು.

ಆದರೆ ನನಗನ್ನಿಸುವುದೇ ಬೇರೆ. ರೋಮ ತೆಗೆದುಕೊಂಡ, ಮರಳು ತೆಗೆದುಕೊಂಡ, ಹೊಳೆಯ ಮೇಲಿನ ಬೆಳಕು ತೆಗೆದುಕೊಂಡ. ನಾನು ಬಾಯಿ ಬಿಡಲಿಲ್ಲ. ಆ ಉಗುರು ಮಾತ್ರ ನನ್ನದಾಗಿತ್ತು. ಇಡೀ ಎಂಟಡಿಯಲ್ಲಿ ಇದು ಬೇರೆಯವರ ಕೈ ಎಂದು ಕೂಗಿ ಹೇಳುತ್ತಿದ್ದದ್ದು ಅದೊಂದೇ. ಅದನ್ನೂ ಅವನೇ ಇಟ್ಟುಕೊಂಡ. ನನ್ನ ತಪ್ಪಿಗೂ ಅವನಿಗೇ ಚಪ್ಪಾಳೆ.

ನಾಲ್ಕು ಸಲ ಮುಖ ತೊಳೆದೆ.

ಮಾರ್ಚ್ ೬, ಗುರುವಾರ

ಅಣ್ಣನ ಫೋನ್ ಮೂರು ಸಲ. ತೆಗೆಯಲಿಲ್ಲ.

ಲೈಬ್ರರಿಯಿಂದ ನೇರ ಮನೆಗೆ ಬರುತ್ತಿರುವುದರಿಂದ ಮಧ್ಯಾಹ್ನಗಳು ಉದ್ದವಾಗಿವೆ. ಊಟದ ಮೇಜನ್ನು ಕಿಟಕಿಯ ಹತ್ತಿರಕ್ಕೆ ಎಳೆದೆ. ಟೈಲರಮ್ಮ ಗಿರಾಕಿಯ ಮನೆಗೆ ಅಳತೆ ತೆಗೆಯಲು ಹೋಗುವಾಗ ಸಾಹುಕಾರನನ್ನು ನನ್ನ ಬಳಿ ಬಿಟ್ಟುಹೋದರು. “ಕಚ್ಚಲ್ಲ. ಕಚ್ಚೋಕೆ ಎದ್ದು ಬರಬೇಕಲ್ಲ” ಎಂದರು. ಬಾಗಿಲ ಕಡೆಗೇ ಮುಖ ಮಾಡಿ, ಅವರು ಬರುವವರೆಗೂ ಕಾದು ಕೂತಿತ್ತು. ಹಾಗೆಯೇ ಬರೆದೆ. ಮೂತಿ ಎರಡು ಸಲ ತಪ್ಪಿತು, ಕಿವಿ ಇನ್ನೂ ಸರಿಯಿಲ್ಲ. ಕಣ್ಣು ಮೊದಲ ಸಲಕ್ಕೇ ಕೂತಿತು. ಕಿವಿಯನ್ನು ನಾಳೆ ನೋಡಬೇಕು.

ಮನೆಯಲ್ಲಿ ಬೂದು ಬಣ್ಣ ಇಲ್ಲ. ಎಲ್ಲ ಸ್ಟುಡಿಯೋದಲ್ಲೇ ಇದೆ. ಕೊಂಡು ತರಬೇಕು.

ಮಾರ್ಚ್ ೧೧, ಮಂಗಳವಾರ

ಅಣ್ಣ ಬಂದ.

ಮೂರು ಮಹಡಿ ಹತ್ತಿ, ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತಿದ್ದ. “ಫೋನ್ ತೆಗೆದಿದ್ರೆ ಈ ಮೆಟ್ಟಿಲು ತಪ್ಪುತ್ತಿತ್ತಲ್ಲೇ ಪುಟ್ಟಿ.”

ಚಹಾ ಕೊಟ್ಟೆ. ಅರ್ಧ ಲೋಟ ಮಾತ್ರ. ತುಂಬಿದರೆ ಅವನ ಕೈಯಲ್ಲಿ ಚೆಲ್ಲುತ್ತದೆ. ಸಿಟ್ಟಿನಲ್ಲೂ ಕೈಗೆ ಆ ಅಳತೆ ಮರೆತಿಲ್ಲ.

“ಸೋಮವಾರ ಸಂಗ್ರಹಾಲಯಕ್ಕೆ ರಜೆ” ಎಂದು ಶುರುಮಾಡಿದ. “ನಿರ್ದೇಶಕಿ ಬಾಗಿಲು ತೆಗೆಸಿಕೊಡ್ತೀನಿ ಅಂದಿದ್ದಾರೆ. ಐದು ಉಗುರು ಅಷ್ಟೇ. ಅದರ ಮೇಲೆ ಸ್ವಲ್ಪ ರೋಮ ಎಳೆದರೆ ಮುಗೀತು. ನಿನಗೆ ಒಂದು ಗಂಟೆಯ ಕೆಲಸ.”

“ನಾನು ಯಾರು ಅಂತ ಹೇಳಿ ಒಳಗೆ ಕರ್ಕೊಂಡು ಹೋಗ್ತೀಯ?”

“ಬಣ್ಣ ಕಲಸೋಕೆ ಬಂದಿದ್ದಾಳೆ ಅಂತ...” ಎಂದವನು ಅಲ್ಲೇ ನಿಲ್ಲಿಸಿದ. ತುಂಬ ಸಲೀಸಾಗಿ ಬಂದಿತ್ತು ಮಾತು. ಅವನಿಗೇ ಕೇಳಿಸಿತು.

“ಆ ಹಾಳೆ ನೋಡಿದೆ ಅಣ್ಣ. ಜನವರಿ ಇಪ್ಪತ್ತೆಂಟು.”

ಅವನು ಲೋಟ ಕೆಳಗಿಟ್ಟ. ಪ್ರೆಸ್ಸಿನವರ ಮಾತು ಮತ್ತೆ ಎತ್ತಲಿಲ್ಲ, ಅಷ್ಟು ಮಟ್ಟಿಗೆ ಮರ್ಯಾದೆ ಉಳಿಸಿದ. “ಹೆಸರು ಅಷ್ಟು ದೊಡ್ಡದಾ ನಿನಗೆ?” ಎಂದು ಕೇಳಿದ.

“ನಿನಗೆ?”

ಕೆಳಗೆ ಬೀದಿಯಲ್ಲಿ ಯಾರೋ ಗಾಡಿ ಸ್ಟಾರ್ಟ್ ಮಾಡಲು ಒದ್ದಾಡುತ್ತಿದ್ದರು. ನಾನು ಎದ್ದು ಕಿಟಕಿ ಮುಚ್ಚಿದೆ.

“ಎಲ್ಲರೆದುರು ನನ್ನ ತಪ್ಪು ಅಂದಿದ್ದೀಯ. ನಿನ್ನ ತಪ್ಪನ್ನ ನೀನೇ ಅಳಿಸು” ಎಂದೆ.

“ಈ ಕೈಯಲ್ಲಾ?” ಎಂದು ಅದನ್ನು ಮೇಜಿನ ಮೇಲಿಟ್ಟ. ಮೊದಲ ಸಲ ಬಚ್ಚಿಡದೆ ಇಟ್ಟ. ಅದು ತನ್ನಷ್ಟಕ್ಕೆ ತಾನು ಅಲ್ಲಾಡುತ್ತಿತ್ತು, ಕೈಗೆ ಸಿಕ್ಕಿದ ಹಕ್ಕಿಯ ಹಾಗೆ. ನಾನು ಅದನ್ನು ಹಿಡಿದುಕೊಳ್ಳಬೇಕಿತ್ತು. ಹಿಡಿದುಕೊಳ್ಳಲಿಲ್ಲ. ‘ಸರಿ, ಸೋಮವಾರ ಬರ್ತೀನಿ’ ಎಂಬ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ಅದನ್ನೂ ಆಡಲಿಲ್ಲ.

ಅವನು ಏಳುವಾಗ ಕಿಟಕಿಯ ಹತ್ತಿರದ ಹಾಳೆ ಕಣ್ಣಿಗೆ ಬಿತ್ತು. ಸಾಹುಕಾರ ಕಾಯುತ್ತ ಕೂತ ಚಿತ್ರ. ತುಂಬಾ ಹೊತ್ತು ನೋಡಿದ. “ಯಾರು ಬರೆದದ್ದು ಇದು?” ಎಂದ.

ಎಂಥ ಪ್ರಶ್ನೆ! ನನ್ನ ಮನೆಯಲ್ಲಿ, ನನ್ನ ಮೇಜಿನ ಮೇಲೆ, ನನ್ನ ಪೆನ್ಸಿಲಿನ ಪಕ್ಕದಲ್ಲಿರುವುದನ್ನು ಯಾರು ಬರೆದದ್ದು ಎಂದು ಕೇಳುತ್ತಾನೆ. ಇವನಿಗೆ ನಾನು ಅಷ್ಟೂ ಇಲ್ಲ. ಅವನ ಲೋಟ ಎತ್ತಿಕೊಂಡೆ. “ಕಣ್ಣು...” ಎಂದು ಏನೋ ಹೇಳಲು ಹೋಗಿ ಅವನೂ ಹೇಳದೆ ಹೊರಟ. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುವ ಸದ್ದು ಕೆಳಗಿನವರೆಗೂ ಕೇಳಿಸಿತು.

ಮಾರ್ಚ್ ೧೨, ಬುಧವಾರ

ನಾನು ಕೆಟ್ಟವಳಾ?

ಇರಬಹುದು. ಆದರೂ ಸೋಮವಾರ ಹೋಗುವುದಿಲ್ಲ.

ಮಾರ್ಚ್ ೧೭, ಸೋಮವಾರ

ಹೋಗಲಿಲ್ಲ. ಬಣ್ಣದಂಗಡಿಗೆ ಹೋದೆ.

ಮಾರ್ಚ್ ೨೩, ಭಾನುವಾರ

ಬೆಳಿಗ್ಗೆ ಬಣ್ಣ ತೀಡುತ್ತಿದ್ದಾಗ ಮರೆತ ಎರಡನೆಯ ಸಾಲು ನೆನಪಾಯಿತು. ‘ಕೊನೆಯದು ಕಾಲಿಟ್ಟ ಮೇಲೆ ತಾನೆ ಹೆಜ್ಜೆ ಇಷ್ಟು ಆಳ.’ ಇದೇ ಆಗಿತ್ತಾ? ಅಲ್ಲಿ ಬೇರೆ ಏನೋ ಇದ್ದು, ಇದನ್ನು ನಾನೇ ಕಟ್ಟಿದೆನಾ? ಲೈಬ್ರರಿಯಲ್ಲಿ ಹುಡುಕಿದರೆ ಸಿಗಬಹುದು. ಹುಡುಕಬೇಕು ಅನ್ನಿಸಲಿಲ್ಲ.

ಈಗ ಬರೆಯುತ್ತಿರುವುದು ಒಂದೇ ತೋಳ. ಒಂದೂವರೆ ಅಡಿ ಅಗಲ, ಅಷ್ಟೇ. ಹಿಂಡು ಮುಂದೆ ಹೋಗಿಬಿಟ್ಟಿದೆ. ಇದು ನಿಂತು, ನೋಡುವವರ ಕಡೆ ತಿರುಗಿದೆ. ಹುಲ್ಲು ಹಾಕಲಿಲ್ಲ. ಹಿಂಗಾಲಿಗೆ ನಾಲ್ಕೇ ಉಗುರು, ಎರಡು ಸಲ ಎಣಿಸಿದ್ದೇನೆ. ತೋಳದ ಕಣ್ಣಿನ ಪಾಪೆ ಗುಂಡಗೆ, ನರಿಯದು ಸೀಳಿದಂತೆ. ಅದನ್ನು ಪುಸ್ತಕದಲ್ಲಿ ನೋಡಿ ಖಚಿತಪಡಿಸಿಕೊಂಡು ಇಟ್ಟೆ. ಹಳದಿ ಸ್ವಲ್ಪ ಹೆಚ್ಚಾಯಿತೇನೋ. ಒಣಗಿದ ಮೇಲೆ ತಿಳಿಯುತ್ತದೆ.

ಅಣ್ಣನಿಂದ ಫೋನಿಲ್ಲ. ಉಗುರುಗಳು ಹಾಗೆಯೇ ಇವೆಯಂತೆ. ಅತ್ತಿಗೆ ಮೆಸೇಜ್ ಕಳಿಸಿದ್ದರು. ‘ನಿನಗೆ ಸಮಾಧಾನ ಆಯ್ತಾ’ ಎಂದು ಕೊನೆಗೆ ಸೇರಿಸಿದ್ದರು. ಆಗಿಲ್ಲ. ಒಬ್ಬನೇ ಅಣ್ಣ. ಅವನು ಬೆನ್ನು ತಿರುಗಿಸಿದ್ದರೆ ತಡೆದುಕೊಳ್ಳುತ್ತಿದ್ದೆ. ಎದುರಿಗೆ ನಿಂತು, ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳಿದ. ಅವನು ಬರೆದ ಯಾವ ಕಣ್ಣು ನೋಡಿದರೂ ಈಗ ಅದೇ ನೆನಪಾಗುತ್ತದೆ.

ನಾಲ್ಕು ಗಂಟೆಗೆ ಬಾಗಿಲು ಬಡಿದರು. ಬಡಿದದ್ದಲ್ಲ, ಗುದ್ದಿದ್ದು. ಬ್ರಷ್ ಹಿಡಿದೇ ಹೋಗಿ ತೆಗೆದೆ. ಟೈಲರಮ್ಮ. ಮೊಮ್ಮಗಳನ್ನು ಕರೆದುಕೊಂಡು ಸಂಗ್ರಹಾಲಯಕ್ಕೆ ಹೋಗಿದ್ದವರು ಚಪ್ಪಲಿಯನ್ನೂ ಬಿಡದೆ, ಮನೆಗೂ ಹೋಗದೆ ನೇರ ನನ್ನ ಬಾಗಿಲಿಗೆ ಬಂದಿದ್ದರು. ಹಣೆಯ ಮೇಲೆಲ್ಲ ಬೆವರು. ನನ್ನ ಬಳಿ ಬಿಟ್ಟುಹೋಗಿದ್ದ ಸಾಹುಕಾರ ಅವರ ದನಿ ಕೇಳಿ, ಜನ್ಮದಲ್ಲಿ ಮೊದಲ ಸಲ ಇರಬೇಕು, ಎದ್ದು ಹೊಸ್ತಿಲವರೆಗೂ ಬಂದಿತ್ತು.

“ಏನ್ರೀ ಲೈಬ್ರರಿಯವ್ರೇ” ಎಂದರು ಟೈಲರಮ್ಮ, “ನನ್ನ ಮನೆ ನೆಲದ ಮೇಲೆ ಕೂತು ನೀವು ಬರ್ಕೊಂಡು ಹೋದ ಕಾಲು, ನಮ್ಮ ಸಾಹುಕಾರಂದು, ಅಲ್ಲಿ ಸಾಲಾಗಿ ನಡೀತಿದೆಯಲ್ರೀ! ಮುರಿದ ಉಗುರು ಕೂಡ ಹಾಗೇ ಇದೆ. ಯಾರೋ ಅಲ್ಲಿ ಕಾಲು ತಪ್ಪಾಗಿದೆ ಅಂತ ಮಾತಾಡ್ತಿದ್ರು, ಅವರಿಗೆ ನಾನೇ ಹೇಳಿ ಬಂದೆ, ಕಾಲು ಸರಿಯಾಗೇ ಇದೆ ಸ್ವಾಮಿ ಅಂತ. ತಪ್ಪಾಗಿರೋದು ಕೆಳಗೆ ಬರೆದಿರೋ ಹೆಸರು. ಮೊದಲು ಹೋಗಿ ಅದನ್ನ ಸರಿ ಮಾಡ್ಸಿ.”